‘ಗ್ಯಾಸ್‌ಲೈಟ್’ ಆಡುವವರಿಗೆ: ಮೊದಲು ದೀಪ ನೋಡಿಕೊಳ್ಳಿ

ಪ್ಯಾಟ್ರಿಕ್ ಹ್ಯಾಮಿಲ್ಟನ್‌ನ ‘ಗ್ಯಾಸ್‌ಲೈಟ್’ (1938) ಹವ್ಯಾಸಿ ತಂಡಗಳಿಗೆ ಹೇಳಿ ಮಾಡಿಸಿದ ನಾಟಕ. ಲಂಡನ್ನಿನ ಒಂದು ಮನೆ, ಒಂದೇ ಕೋಣೆ, ಒಂದೇ ಸಂಜೆ, ಮುಖ್ಯ ಪಾತ್ರಗಳು ಐದು. ಕಥೆ ನಿಂತಿರುವುದು ಮಾತ್ರ ಗೋಡೆಯ ಅನಿಲ ದೀಪದ ಮೇಲೆ. ಹೊರಗೆ ಹೋಗುತ್ತೇನೆಂದ ಗಂಡ ಕದ್ದು ಬಂದು, ಮುಚ್ಚಿಟ್ಟ ಮೇಲಂತಸ್ತಿನಲ್ಲಿ ದೀಪ ಹಚ್ಚುತ್ತಾನೆ. ಕೊಳವೆಯ ಅನಿಲ ಹಂಚಿಹೋಗಿ ಕೆಳಗಿನ ದೀಪ ಇಳಿಯುತ್ತದೆ. ಇಳಿದದ್ದು ದೀಪವೋ ತನ್ನ ಬುದ್ಧಿಯೋ ಎಂದು ಹೆಂಡತಿ ಬೆಲ್ಲಾ ನಡುಗುತ್ತಾಳೆ.

ಗಾಜಿನ ಚಿಮಣಿಯೊಳಗೆ 25 ವಾಟಿನ ಹಳೇ ತಂತಿ ಬಲ್ಬನ್ನೇ ಹಾಕಿ. ಅದು ಇಳಿದಂತೆಲ್ಲ ಕೆಂಪಿಗೆ ತಿರುಗುತ್ತದೆ. ಸಾಮಾನ್ಯ ಎಲ್‌ಇಡಿಯ ಬಣ್ಣ ಬದಲಾಗುವುದಿಲ್ಲ. ಕೆಳಮಟ್ಟಕ್ಕೆ ಬಂದಾಗ ಮಿನುಗಿ ತಟ್ಟನೆ ಆರಿಹೋಗುತ್ತದೆ. ಇನ್ನೊಂದು ತೊಡಕು: ಸಭಾಂಗಣದ 2 ಕಿಲೋವಾಟ್ ಡಿಮ್ಮರಿಗೆ (ಬೆಳಕು ಏರಿಳಿಸುವ ಸಾಧನ) 25 ವಾಟ್ ಲೋಡ್ ಸಾಲದು, ಬಲ್ಬು ಅದುರುತ್ತದೆ. ಅದೇ ಚಾನೆಲ್ಲಿಗೆ 500 ವಾಟಿನ ಹ್ಯಾಲೊಜನ್ ಒಂದನ್ನು ಜೋಡಿಸಿ, ಪ್ರೇಕ್ಷಕರಿಗೆ ಕಾಣದಂತೆ ರಂಗದ ಪಕ್ಕದ ವಿಂಗಿನ ಹಿಂದಿಡಿ. ಅದು ವಿಪರೀತ ಕಾಯುತ್ತದೆ, ಪರದೆ ಹತ್ತಿರ ಸುಳಿಯಬಾರದು. ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್ನರದೇ.

ಮುಖಕ್ಕೆ ಬೆಳಕು ಕೊಡುವುದು ಅಂಬರ್ ಬಣ್ಣದ ಹಾಳೆ ಹಾಕಿದ ಸ್ಪಾಟುಗಳು. ಬಲ್ಬು ಇಳಿದು ಸ್ಪಾಟು ಹಾಗೇ ಉಳಿದರೆ ಗುಟ್ಟು ರಟ್ಟಾಯಿತು. ಎರಡೂ ಒಟ್ಟಿಗೆ ಇಳಿಯಬೇಕು. ಹತ್ತು ಹನ್ನೆರಡು ಸೆಕೆಂಡಿನ ಇಳಿತದಿಂದ ಆರಂಭಿಸಿ, ಆಯಾ ಸಭಾಂಗಣಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಎರಡೇ ಸೆಕೆಂಡಿನಲ್ಲಿ ಇಳಿಸಿದರೆ ನಮ್ಮ ಪ್ರೇಕ್ಷಕರು ವೋಲ್ಟೇಜ್ ಬಿತ್ತು ಅಂದುಕೊಳ್ಳುತ್ತಾರೆ. ಅರ್ಧ ನಿಮಿಷ ಎಳೆದರೆ ಕಣ್ಣು ಒಗ್ಗಿಕೊಂಡು ಯಾರೂ ಗಮನಿಸುವುದಿಲ್ಲ. ಬೆಲ್ಲಾ ತಲೆಯೆತ್ತುವ ಮೊದಲೇ ಇಳಿತ ಶುರುವಾಗಿರಬೇಕು, ಇದಕ್ಕೆ ರಾಜಿ ಬೇಡ. ಅವಳು ಮೊದಲು ನೋಡಿ ದೀಪ ಆಮೇಲೆ ಇಳಿದರೆ ಅವಳ ಭಯ ಅಭಿನಯವಾಗಿಬಿಡುತ್ತದೆ.

ಬೆಳಕು ಮತ್ತೆ ಏರುವ ಘಳಿಗೆ ಇನ್ನೂ ಮುಖ್ಯ. ಪತ್ತೇದಾರ ರಫ್ ಒಳಗಿರುವಾಗ ದೀಪ ಏರಿತೆಂದರೆ ಗಂಡ ಮೇಲಿನ ದೀಪ ಆರಿಸಿ ಬರುತ್ತಿದ್ದಾನೆ ಎಂದರ್ಥ. ಅವಸರದಲ್ಲಿ ರಫ್ ಟೋಪಿ ಮರೆಯುತ್ತಾನೆ. ಅದು ಹಿಂದಿನ ಸಾಲಿಗೂ ಕಾಣುವ ಕಡೆ ಇರಲಿ.

ಮೇಲಿನ ಹೆಜ್ಜೆ ಸಪ್ಪಳಕ್ಕೆ ಪಕ್ಕದ ಸ್ಪೀಕರ್ ಬೇಡ, ಸದ್ದು ಪಕ್ಕದ ಮನೆಯಿಂದ ಬಂದಂತಿರುತ್ತದೆ. ಸೆಟ್ಟಿನ ಹಿಂದೆ ಎತ್ತರದ ಗಟ್ಟಿ ಮರದ ಅಟ್ಟಣೆಯ ಮೇಲೆ ಒಬ್ಬರು ಬೂಟು ಹಾಕಿ ನಡೆಯಲಿ.

ಗಂಡನ ಪಾತ್ರಧಾರಿ ಮೊದಲ ದೃಶ್ಯದಲ್ಲಿ ಹುಬ್ಬು ಗಂಟಿಕ್ಕಬಾರದು. ಅವನ ಅಕ್ಕರೆ ನಿಜವೆನಿಸಿದರೇ ಮುಂದಿನದು ಹೆದರಿಸುವುದು.

ಹ್ಯಾಮಿಲ್ಟನ್ 1962ರಲ್ಲಿ ತೀರಿಕೊಂಡದ್ದರಿಂದ ಭಾರತದಲ್ಲಿ ಮೂಲದ ಹಕ್ಕುಸ್ವಾಮ್ಯ 2022ಕ್ಕೆ ಮುಗಿದಿದೆ. ಬ್ರಿಟನ್ನಿನ ಕನ್ನಡ ತಂಡಗಳು ಮಾತ್ರ 2032ರ ಕೊನೆಯವರೆಗೆ ಅನುಮತಿ ಪಡೆಯಬೇಕು. ಬೇರೆಯವರ ಅನುವಾದ ಬಳಸಿದರೆ ಅನುವಾದಕರ ಒಪ್ಪಿಗೆ ಬೇರೆ.