ಅದೇ ದೂರ, ಒಂದು ಗಂಟೆ ಜಾಸ್ತಿ

"ಹೋಗೋಕೆ ಎಂಟು ಗಂಟೆ, ಬರೋಕೆ ಏಳು ಅಂತ ಹಾಕಿದ್ದಾರೆ. ದೂರ ಒಂದೇ ಅಲ್ವೇನಪ್ಪಾ?"

ಈ ವಾರ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಪಕ್ಕದ ಸೀಟಿನ ಅಮ್ಮ ಟಿಕೆಟ್ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು. ಇನ್ನೂ ಕಿವಿಯಲ್ಲೇ ಇದೆ. ಮಗಳನ್ನು ಹೆರಿಗೆಗೆ ಸೇರಿಸಿದ್ದಾರೆ ಅನ್ನುವ ಸುದ್ದಿ ವಿಮಾನ ಹತ್ತುವ ಹೊತ್ತಿಗೆ ಬಂದಿತ್ತಂತೆ.

ಆಚೆ ಸೀಟಿನ ಹುಡುಗನಿಗೆ ಕನ್ನಡ ಬರುತ್ತಿತ್ತು. "ಗಾಳಿ ಆಂಟಿ, ಸುಮ್ನೆ ಮಲಗಿ" ಅಂದು ಇಯರ್‌ಫೋನ್ ಹಾಕಿಕೊಂಡ. ಉತ್ತರ ಸರಿಯೇ. ಆದರೂ ನನಗೆ ಸಿಟ್ಟು ಬಂತು. ಅಷ್ಟು ಗೊತ್ತಿದ್ದವನಿಗೆ ಇನ್ನೆರಡು ಮಾತು ಹೇಳಲು ಏನು ಕಷ್ಟ?

ಎರಡು ಊರಿನ ನಡುವೆ 5,500 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದು ಬದಲಾಗುವುದಿಲ್ಲ. ಆದರೆ ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೇ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂತಾರೆ. ವಿಮಾನ ಗಂಟೆಗೆ 900ರ ವೇಗದಲ್ಲಿದ್ದು 130ರ ಗಾಳಿ ಎದುರಾದರೆ ನೆಲದ ಲೆಕ್ಕಕ್ಕೆ ಸಿಗುವುದು 770 ಮಾತ್ರ. ಬರುವಾಗ ಅದೇ ಗಾಳಿ ಬೆನ್ನಿಗೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಹೊತ್ತಿನಲ್ಲಿ ನ್ಯೂಯಾರ್ಕ್‌ನಿಂದ ಹೊರಟ ಒಂದು ಜಂಬೋ 5 ಗಂಟೆಯೂ ಹಿಡಿಯದೆ ಲಂಡನ್ ಮುಟ್ಟಿತ್ತು.

ಅಮ್ಮ ತಲೆಯಾಡಿಸಿದರು. ಕಣ್ಣು ಮಾತ್ರ ವಿಮಾನದ ದಾರಿ ತೋರಿಸುವ ಸ್ಕ್ರೀನಿನ ನಕ್ಷೆಯಲ್ಲೇ. "ಸರಿ, ಆದ್ರೆ ಯಾಕೆ ಮೇಲಕ್ಕೆ ಸುತ್ತಿ ಬಳಸಿ ಹೋಗ್ತಿದೆ? ನೇರ ಹೋಗಬಾರ್ದಾ?"

ಮಗುವಿಗೆ ಹೆಣೆದ ಟೋಪಿ ಅವರ ಮಡಿಲಲ್ಲಿತ್ತು, ಉಳಿದ ಉಲ್ಲನ್ ಅದರೊಳಗೆ. ಊಟದ ಟ್ರೇಯ ಸೇಬಿನ ಮೇಲ್ಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಗುರುತು ತೋರಿಸಿ, ದಾರದ ಎರಡು ತುದಿ ಅಲ್ಲಿ ಹಿಡಿದು ಬಿಗಿಯಾಗಿ ಎಳೆಯಿರಿ ಅಂದೆ. ಎಳೆದರು. ದಾರ ತಾನಾಗೇ ತೊಟ್ಟಿನ ಕಡೆಗೆ ಜರುಗಿತು. ಭೂಮಿ ಗುಂಡಗಿದೆ, ಚಪ್ಪಟೆ ನಕ್ಷೆಯಲ್ಲಿ ಬಾಗಿದಂತೆ ಕಾಣುವುದೇ ಹತ್ತಿರದ ದಾರಿ. ಅಟ್ಲಾಂಟಿಕ್ ದಾಟುವ ದಾರಿಗಳನ್ನು ಆ ದಿನದ ಗಾಳಿ ನೋಡಿ ದಿನಾ ಹೊಸದಾಗಿ ಗೊತ್ತುಮಾಡುತ್ತಾರೆ ಅಂತಲೂ ಹೇಳಿದೆ.

"ಹಾಗಾದ್ರೆ ಸುಮ್ನೆ ತಡ ಮಾಡ್ತಿಲ್ಲ" ಅಂದರು. ಅವರಿಗೆ ಬೇಕಿದ್ದದ್ದು ಅಷ್ಟೇ. ಟೋಪಿ ಮಡಚಿಟ್ಟು ಮೊದಲ ಸಲ ಸೀಟಿಗೆ ಒರಗಿದರು.

ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳುವವರಿಗೆ ನಾವು ಒಂದು ಸಂಖ್ಯೆ ಹೇಳಿ ಕೈತೊಳೆದುಕೊಳ್ಳುತ್ತೇವೆ. ಟಿಕೆಟ್ಟಿನ ಆ ಎಂಟು ಗಂಟೆಯೂ ಬರೀ ಹಾರಾಟದ್ದಲ್ಲ. ಗೇಟ್ ಬಿಟ್ಟಾಗಿನಿಂದ ಆಚೆ ಗೇಟಿಗೆ ಬಂದು ನಿಲ್ಲುವ ತನಕದ ಲೆಕ್ಕ. ರನ್‌ವೇಗೆ ಸರದಿ ಕಾಯುವುದೂ ಅದರಲ್ಲೇ ಬಂತು. ಇದನ್ನು ಯಾರೂ ಹೇಳುವುದಿಲ್ಲ. ಆಸ್ಪತ್ರೆಗೆ ಓಡುವವರು, ಸಾವಿನ ಮನೆಗೆ ಹೊರಟವರು ಪ್ರತಿ ವಿಮಾನದಲ್ಲೂ ಇರಬಹುದು. ಅವರಿಗೆ ಒಂದು ಗಂಟೆ ಅಂದರೆ ಸಣ್ಣದಲ್ಲ.

ನಮ್ಮ ಪೈಲಟ್ ಎತ್ತರ ಹೇಳಿದರು, ಹೊರಗಿನ ಚಳಿ ಹೇಳಿದರು. ಎದುರುಗಾಳಿ ಇದೆ, ಅದಕ್ಕೇ ಹೋಗುವಾಗ ಒಂದು ಗಂಟೆ ಜಾಸ್ತಿ, ಗಾಬರಿ ಬೇಡ ಅಂತ ಸೇರಿಸಿದ್ದರೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ.