ಮಳೆಗೆ ಮುಂಚೆ: ಅಟ್ಟ, ಬಾವಿ, ಧರೆ

ಮೇ 11, 2025, ಭಾನುವಾರ
ಶಿರಸಿ ತಾಲೂಕು, ದೇವಿಮನೆ ಘಟ್ಟದ ಈಚೆ

ನಿನ್ನೆ ಹವಾಮಾನ ಇಲಾಖೆಯ ಸುದ್ದಿ ಬಂತು. ಈ ಸಲ ಮುಂಗಾರು ಮೇ 27ರ ಸುಮಾರಿಗೆ ಕೇರಳ ಮುಟ್ಟಬಹುದಂತೆ, ನಾಲ್ಕು ದಿನ ಆಚೀಚೆ. ವಾಡಿಕೆಯ ದಿನ ಜೂನ್ 1. ಮೃಗಶಿರ ಹುಟ್ಟುವುದರೊಳಗೆ ಮುಗಿಸಿದರಾಯಿತು ಎಂದುಕೊಂಡಿದ್ದ ಕೆಲಸವೆಲ್ಲ ಈಗ ರೋಹಿಣಿಗೆ ಮುಂಚೆಯೇ ಮುಗಿಯಬೇಕು. ಇವತ್ತಿನಿಂದ ಕೃತ್ತಿಕೆ ಮಳೆ ಶುರು. ದಿನ ಜಾಸ್ತಿ ಇಲ್ಲ.

ಅತ್ತೆಯದು ಬೆಳಿಗ್ಗೆಯಿಂದ ಒಂದೇ ಮಾತು. "ಮಳೆ ಬಪ್ಪಲಾತು, ಕಟ್ಟಿಗೆ ಇನ್ನೂ ಪೂರ್ತಿ ಒಳಗೆ ಬಂಜಿಲ್ಲೆ." ಅವರ ಲೆಕ್ಕದಲ್ಲಿ ಮಳೆಗಾಲದ ತಯಾರಿ ಅಂದರೆ ಮೊದಲು ಕಟ್ಟಿಗೆ, ಆಮೇಲೆ ಉಳಿದದ್ದು. ಅದು ಸರಿಯಾದ ಲೆಕ್ಕವೇ. ಕುಮಟಾ ರಸ್ತೆಯಲ್ಲಿ ಘಟ್ಟ ಕುಸಿದರೆ, ಇಲ್ಲವೇ ಹಳ್ಳ ತುಂಬಿ ಮೋರಿ ಮೇಲೆ ನೀರು ಬಂದರೆ ಸಿಲಿಂಡರ್ ಗಾಡಿ ನಮ್ಮ ಕಡೆ ಬರುವುದಿಲ್ಲ. ಒಣ ಕಟ್ಟಿಗೆ ಇದ್ದರೆ ಒಲೆ ಹೊತ್ತುತ್ತದೆ, ಬಚ್ಚಲಲ್ಲಿ ಬಿಸಿನೀರು ಸಿಗುತ್ತದೆ, ಒದ್ದೆ ಬಟ್ಟೆಯೂ ಒಣಗುತ್ತದೆ. ಸೊಪ್ಪಿನ ಬೆಟ್ಟದಲ್ಲಿ ಬಿದ್ದಿದ್ದ ಮರ ಒಡೆದು ಒಣಗಿಸಿದ್ದು ಅರ್ಧ ಒಳಗೆ ಸೇರಿದೆ. ನೆಲಕ್ಕೆ ತಾಗದ ಹಾಗೆ ಅಡಿಕೆ ಮರದ ದಬ್ಬೆ ಹಾಸಿ ಅದರ ಮೇಲೆ ಒಟ್ಟಿದ್ದೇವೆ. ಬೆಂಕಿ ಹಿಡಿಸಲು ಕರಟ ಮತ್ತು ಒಣ ಸೋಗೆ ಬೇರೆ ಮೂಲೆಯಲ್ಲಿವೆ. ಅಡುಗೆಮನೆಯಲ್ಲಿ ಇನ್ನೂ ಅಸ್ತ್ರ ಒಲೆಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿ ಮನೆಗಳಿಗಾಗಿ ಮಾಡಿದ ಒಲೆ ಅದು. ಕಟ್ಟಿಗೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಈಗ ಎಷ್ಟೋ ಮನೆಗಳಲ್ಲಿ ಅದನ್ನು ಒಡೆದು ಕಪ್ಪು ಕಲ್ಲಿನ ಕಟ್ಟೆ ಮಾಡಿದ್ದಾರೆ. ನೋಡಿದರೆ ಬೇಜಾರಾಗುತ್ತದೆ.

ಗೋಬರ್ ಗ್ಯಾಸ್ ಇರುವವರು ಈ ವಾರವೇ ಒಂದು ಕೆಲಸ ಮಾಡಿಕೊಳ್ಳಿ. ಸಗಣಿ ಕಲಸುವ ತೊಟ್ಟಿಗೂ ಸ್ಲರಿ, ಅಂದರೆ ಗ್ಯಾಸ್ ಕೊಟ್ಟು ಉಳಿದ ಸಗಣಿ ನೀರು, ಹೊರಬರುವ ಗುಂಡಿಗೂ ಮಳೆನೀರು ಬೀಳದ ಹಾಗೆ ಹೊದಿಸಿ, ಸುತ್ತ ಸಣ್ಣ ಕಾಲುವೆ ತೆಗೆಯಿರಿ. ಬೇಸಿಗೆಯಲ್ಲಿ 25 ಕೆ.ಜಿ. ಸಗಣಿಗೆ ಸುಮಾರು ಒಂದು ಘನ ಮೀಟರ್ ಗ್ಯಾಸ್ ಬರುತ್ತದೆ. ಮಳೆಗಾಲದ ಥಂಡಿಗೆ ಅಷ್ಟು ಬರುವುದಿಲ್ಲ. ಒಳಗಿನ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿ ಹತ್ತಿರದ ಬಿಸಿ ಬೇಕು. ಮಳೆನೀರು ಸೇರಿದರೆ ಸ್ಲರಿ ತೆಳುವಾಗಿ ಇನ್ನೂ ತಣ್ಣಗಾಗುತ್ತದೆ. ನಾವು ಜುಲೈ ತಿಂಗಳಲ್ಲಿ ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರಲ್ಲೇ ಸಗಣಿ ಕಲಸುತ್ತೇವೆ. ಬೆಳಗಿನ ಚಹಾಕ್ಕೂ ಮಧ್ಯಾಹ್ನದ ಅನ್ನಕ್ಕೂ ಅಷ್ಟು ಸಾಕಾಗುತ್ತದೆ.

ಅಟ್ಟದ ವಿಷಯದಲ್ಲಿ ನನಗೆ ಚಿಂತೆಯಿಲ್ಲ. ಆ ವಿದ್ಯೆ ನಮ್ಮ ಸೀಮೆಯ ಹೆಂಗಸರ ಕೈಯಲ್ಲಿ ಇನ್ನೂ ಭದ್ರವಾಗಿದೆ. ಹಲಸಿನ ಹಪ್ಪಳ ಡಬ್ಬ ಸೇರಿದೆ. ಅಪ್ಪೆಮಿಡಿ ಭರಣಿಯಲ್ಲಿದೆ. ಮುರುಗಲು ಸಿಪ್ಪೆ ಇನ್ನೆರಡು ಬಿಸಿಲು ಕಾಣಬೇಕು. ಹಲಸಿನ ಬೇಳೆಗೆ ಕೆಮ್ಮಣ್ಣು ಸವರಿ ಇಟ್ಟಾಗಿದೆ. ಮೊಗೆಕಾಯಿ ಬಾಳೆನಾರಿನಲ್ಲಿ ಜಂತಿಗೆ ತೂಗುತ್ತಿವೆ. ಅದರ ಪಕ್ಕ ಕುಮಟಾ ಈರುಳ್ಳಿಯ ಗೊಂಚಲು. ಹೋದ ವಾರ ಇವರು ಅಳ್ವೆಕೋಡಿಯಲ್ಲಿ ಹೆದ್ದಾರಿ ಬದಿಯಿಂದ ತಂದರು. ಗಾಳಿಯಾಡುವಲ್ಲಿ ತೂಗಿಹಾಕಿದರೆ ತಿಂಗಳುಗಟ್ಟಲೆ ಬಾಳಿಕೆ ಬರುತ್ತದೆ, ಚೀಲದಲ್ಲಿಟ್ಟರೆ ಹದಿನೈದು ದಿನಕ್ಕೆ ಕೊಳೆಯುತ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪೂ ಬಂದಿದೆ. ಮಳೆಗಾಲದಲ್ಲಿ ಅದು ನೀರೊಡೆಯುತ್ತದೆ, ಹಾಗಾಗಿ ಮರದ ಮರಿಗೆಯಲ್ಲಿಟ್ಟು ಒಲೆಯ ಹತ್ತಿರ ಇಡುವುದು ವಾಡಿಕೆ.

ಅಕ್ಕಿಯ ಲೆಕ್ಕ ಸುಲಭ. ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ಹಿಡಿದರೆ ಐದು ಜನರ ಮನೆಗೆ ಹದಿನೈದು ದಿನಕ್ಕೆ 30 ಕೆ.ಜಿ. ನಾವು ಅದರ ಎರಡರಷ್ಟು ಇಡುತ್ತೇವೆ. ರಸ್ತೆ ಕಟ್ಟಾದಾಗ ಕೇರಿಯಲ್ಲಿ ಯಾರದಾದರೂ ಮನೆಯಲ್ಲಿ ಮುಗಿದಿರುತ್ತದೆ ಅಲ್ವಾ, ಅವರಿಗೂ ಬೇಕು. ಜೂನ್ ಬಂದ ಮೇಲೆ ಕೆಸುವು, ಕಳಲೆ, ಒಂದೆಲಗ ಅಂಗಳದಂಚಿನಲ್ಲೇ ಸಿಗುತ್ತವೆ. ತರಕಾರಿ ಗಾಡಿ ಬರಲಿಲ್ಲ ಅಂತ ಇಲ್ಲಿ ಯಾರೂ ಉಪವಾಸ ಬಿದ್ದಿಲ್ಲ.

ನೀರಿನ ವಿಷಯ ಹಾಗಲ್ಲ. ಸುತ್ತ ನೀರೇ ನೀರು, ಕುಡಿಯಲು ಮಾತ್ರ ಆಗದು. ನಮಗೆ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರಿದೆ, ಬಾವಿಯೂ ಇದೆ. ಜೋರು ಮಳೆಗೆ ಅಬ್ಬಿಯ ಬಾಯಿಗೆ ಒಣ ಎಲೆ, ಮಣ್ಣು ಕಟ್ಟಿಕೊಂಡು ಪೈಪು ಕಳಚುತ್ತದೆ. ಅಂಥ ಮಳೆಯಲ್ಲಿ ಯಾರೂ ಗುಡ್ಡ ಹತ್ತಿ ಅದನ್ನು ಸರಿಮಾಡಲು ಹೋಗಬಾರದು. ಆಗ ಬಾವಿಯೇ ಗತಿ. ಬಾವಿಗೆ ಹೊರಗಿನ ಕೆಂಪು ನೀರು ನುಗ್ಗಿದರೆ ಕ್ಲೋರಿನ್ ಹಾಕದೆ ಬಳಸುವಂತಿಲ್ಲ. ಲೆಕ್ಕ ಹೀಗೆ: ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ 3.14ರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ. ಎಲ್ಲ ಮೀಟರಿನಲ್ಲಿ. ಬಂದದ್ದು ಘನ ಮೀಟರ್. ಒಂದೊಂದು ಘನ ಮೀಟರಿಗೂ ಅಂದರೆ ಸಾವಿರ ಲೀಟರಿಗೂ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28 ಸಾವಿರ ಲೀಟರ್. ಅದಕ್ಕೆ 70 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಗಸಿ ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗಿಳಿಸಿ ಕೊಡಪಾನದಿಂದ ಚೆನ್ನಾಗಿ ಕದಡಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕಿದರೆ ಒಳ್ಳೆಯದು. ಬಾವಿಯ ನೀರು ಮೊದಲೇ ರಾಡಿಯಾಗಿದ್ದರೆ ಈ ಪ್ರಮಾಣ ಸಾಲದು, ತಿಳಿಯಾಗುವ ತನಕ ಕಾಯಬೇಕು. ಪೌಡರನ್ನು ಗಾಳಿಯಾಡದ ಡಬ್ಬದಲ್ಲಿ, ಕತ್ತಲಲ್ಲಿ ಇಡಿ. ಹಳೆಯದಾದರೆ ಕಸುವು ಹೋಗಿರುತ್ತದೆ. ಇಷ್ಟಾದ ಮೇಲೂ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು.

ಆ ಹೊತ್ತಿಗೆ ಮಾಡಿನ, ಅಂದರೆ ಮನೆಯ ಚಾವಣಿಯ, ನೀರು ದೊಡ್ಡ ಆಸರೆ. 100 ಚದರ ಮೀಟರ್ ಮಾಡಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್. ಇಲ್ಲಿ ಅಷ್ಟು ಮಳೆ ಒಂದು ಗಂಟೆಯಲ್ಲೇ ಬೀಳುತ್ತದೆ. ಮೊದಲ ಮಳೆಯ ಕಸ ತೊಳೆದು ಹೋಗಲು ಬಿಟ್ಟು, ಆಮೇಲೆ ಬಟ್ಟೆ ಕಟ್ಟಿ ಡ್ರಮ್ಮಿಗೆ ಹಿಡಿದರೆ ಪಾತ್ರೆ, ಬಟ್ಟೆ, ಕೊಟ್ಟಿಗೆಗೆ ಏನೂ ತೊಂದರೆಯಿಲ್ಲ. ಮಂಗಗಳು ಒಡೆದ ಹಂಚನ್ನೆಲ್ಲ ಬದಲಿಸಿ ಮಾಡು ಕೈಯಾಡಿಸಿದ್ದು ಮೊನ್ನೆ ಮುಗಿಯಿತು. ಎರಚಲು ಹೊಡೆಯುವ ಪಡುವಣ ಜಗಲಿಗೆ ಸೋಗೆ ತಟ್ಟಿ ಕಟ್ಟುವುದು ಬಾಕಿ.

ಕರೆಂಟಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮರ ಬಿದ್ದು ತಂತಿ ಹರಿದರೆ ನಾಲ್ಕೈದು ದಿನ ಹೋಗುವುದು ಇಲ್ಲಿ ಎಲ್ಲರಿಗೂ ಗೊತ್ತು. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೂ 9 ವ್ಯಾಟಿನ ಎರಡು ದೀಪ ದಿನಕ್ಕೆ ನಾಲ್ಕು ಗಂಟೆಯಂತೆ ಒಂದು ವಾರಕ್ಕೂ ಜಾಸ್ತಿ ಉರಿಯುತ್ತವೆ. ಟಿವಿ ಹಾಕಬಾರದು, ಅಷ್ಟೇ. ಜುಲೈ ಮೋಡಕ್ಕೆ ಸೋಲಾರ್ ಫಲಕವನ್ನು ಪೂರ್ತಿ ನಂಬುವ ಹಾಗಿಲ್ಲ. ಹರಿಯುವ ಹಳ್ಳ ಇರುವವರು ಪಿಕೋ ಹೈಡ್ರೋ, ಅಂದರೆ ಹಳ್ಳದ ನೀರಿನಿಂದ ಕರೆಂಟ್ ಮಾಡುವ ಪುಟ್ಟ ಯಂತ್ರ, ಕೂರಿಸಿಕೊಂಡಿದ್ದಾರೆ. ಮಳೆ ಹೆಚ್ಚಾದಾಗಲೇ ಅದರಲ್ಲಿ ಕರೆಂಟ್ ಹೆಚ್ಚು. ಕೈಲಾದರೆ ಮಲೆನಾಡಿಗೆ ಅದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ.

ಇಷ್ಟೆಲ್ಲ ನಮ್ಮ ಹಿರಿಯರೂ ಒಂದಲ್ಲ ಒಂದು ರೀತಿ ಮಾಡಿಕೊಂಡು ಬಂದದ್ದೇ. ಅವರ ತಯಾರಿ ಬಿಡದೆ ಹೊಯ್ಯುವ ಜಡಿಮಳೆಗೆ. ಆರಿದ್ರಾದಿಂದ ಆಶ್ಲೇಷದ ತನಕ ಒಂದೇ ಸಮ ಸುರಿಯುವ ಮಳೆಗೆ ಅಟ್ಟ ತುಂಬಿದ್ದರೆ ಸಾಕಿತ್ತು. ಈಗಿನ ಮಳೆಯ ಬಗೆ ಬೇರೆ. ಹತ್ತು ದಿನ ಬಿಸಿಲು, ಆಮೇಲೆ ಎರಡೇ ದಿನದಲ್ಲಿ ಹದಿನೈದು ದಿನದ್ದು. ಆ ಮಳೆಗೆ ಅಟ್ಟ ಏನು ಮಾಡೀತು? ಅದು ಧರೆಯನ್ನೇ, ಅಂದರೆ ಮನೆ ಹಿಂದಿನ ಕಡಿದಾದ ಮಣ್ಣಿನ ದಿಬ್ಬವನ್ನೇ, ಹಿಡಿದು ಎಳೆಯುತ್ತದೆ.

2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತುಂಬಿದ ಅಡಿಕೆ ತೋಟಗಳೇ ಜಾರಿ ಹೋದವು. ಅಲ್ಲಿಯ ಮನೆಗಳಲ್ಲಿ ಅಕ್ಕಿ, ಕಟ್ಟಿಗೆ, ಹಪ್ಪಳ ಏನು ಕಡಿಮೆಯಿತ್ತು? ಕಳೆದ ವರ್ಷ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಹೊಡೆಯಿತು. ಗುಡ್ಡದ ಬುಡದಲ್ಲಿ ಇಲ್ಲದವರೂ ಹೋದರು. ಆ ಸುದ್ದಿ ಕೇಳಿದ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ನಮ್ಮ ಮನೆಯ ಹಿಂದೆಯೂ ಧರೆ ಇದೆ.

ಹಾಗಾಗಿ ಈ ವರ್ಷ ನಾವು ಅಟ್ಟಕ್ಕಿಂತ ಧರೆಗೆ ಹೆಚ್ಚು ದಿನ ಕೊಟ್ಟಿದ್ದೇವೆ. ಇವರು ಮತ್ತು ಕೆಳಗಿನಮನೆ ಭಾವ ಸೇರಿ ಧರೆಯ ತಲೆಯ ಮೇಲೆ ಪೂರ್ತಿ ನಡೆದು ನೋಡಿದರು. ಒಂದು ಕಡೆ ನೆಲದಲ್ಲಿ ಉದ್ದಕ್ಕೆ ಬಿರುಕಿದೆ. ಅದಕ್ಕೆ ಜೇಡಿಮಣ್ಣು ತುಂಬಿ ಗುದ್ದಿದ್ದಾರೆ. ಮಳೆನೀರು ಬಿರುಕಿನಲ್ಲಿ ಇಳಿಯುವುದೇ ಎಲ್ಲಕ್ಕಿಂತ ಅಪಾಯ. ಬಿರುಕಿನ ಎರಡೂ ಬದಿ ಒಂದೊಂದು ಗೂಟ ಹೊಡೆದು, ನಡುವಿನ ಅಂತರ ಅಳೆದು ಬರೆದಿಟ್ಟಿದ್ದೇವೆ. ಅಂತರ ಹೆಚ್ಚಾದರೆ ಮಣ್ಣು ಸರಿಯುತ್ತಿದೆ ಎಂದೇ ಅರ್ಥ. ಮೇಲಿನಿಂದ ಬರುವ ನೀರು ಧರೆಗೆ ಇಳಿಯದೆ ಪಕ್ಕದ ಹಳ್ಳಕ್ಕೆ ಹೋಗುವಂತೆ ಕಾಲುವೆ ತೆಗೆಯಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಗುಗುಂಡಿ ಒಳ್ಳೆಯದು, ಬೇಸಿಗೆಯಲ್ಲಿ ಬಾವಿಗೆ ನೀರು ಕೊಡುವುದು ಅದೇ. ಆದರೆ ಮನೆ ಹಿಂದಿನ ಕಡಿದಾದ ಧರೆಯ ತಲೆಯ ಮೇಲೆ ಬೇಡ. ಅಲ್ಲಿ ನೀರು ಇಂಗಿದಷ್ಟೂ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಗುಂಡಿಗಳನ್ನು ಇಳಿಜಾರು ಕಡಿಮೆ ಇರುವಲ್ಲಿ, ಮನೆಯಿಂದ ದೂರ ತೆಗೆಯಿರಿ. ಇನ್ನು ಅಂಗಳ ಅಗಲ ಮಾಡಲು ಜೆಸಿಬಿ ತಂದು ಧರೆಯನ್ನು ಗೋಡೆಯಂತೆ ನೆಟ್ಟಗೆ ಕಡಿಯುವುದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ದಯವಿಟ್ಟು ಬಿಡಿ. ಕಡಿಯಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ನಾವು ಮೊದಲ ಮಳೆಗೆ ಲಾವಂಚ ನೆಡುತ್ತೇವೆ. ಅದರ ಬೇರು ಎರಡು ಮೂರು ಮೀಟರ್ ನೇರ ಕೆಳಗಿಳಿದು ಮೇಲಿನ ಮಣ್ಣನ್ನು ಹಿಡಿಯುತ್ತದೆ. ಈ ವರ್ಷಕ್ಕೆ ಅದು ಪ್ರಯೋಜನಕ್ಕೆ ಬಾರದು, ಆಳದ ಕುಸಿತಕ್ಕೆ ಯಾವತ್ತೂ ಸಾಲದು. ಆದರೂ ನೆಡಬೇಕು.

ಇವತ್ತು ಊಟ ಆದ ಮೇಲೆ ಎಲ್ಲರೂ ಜಗಲಿಯಲ್ಲಿ ಕೂತು ಮನೆ ಬಿಡುವ ವಿಷಯ ಮಾತಾಡಿದೆವು. ಅತ್ತೆಗೆ ಇದು ಇಷ್ಟವಾಗಲಿಲ್ಲ. ಇಷ್ಟು ಮಾಡಿಟ್ಟು, ದೇವರ ದೀಪ ಬಿಟ್ಟು ಎಲ್ಲಿಗೆ ಹೋಗುವುದು ಎಂಬ ಸಂಕಟ ಅವರದು. ಮಾವ ಮಾತ್ರ ಗಟ್ಟಿಯಾಗಿ ಹೇಳಿದರು, "ಜೀವ ಇದ್ದರೆ ದೀಪ ನಾಳೆನೂ ಹಚ್ಚಲಾಗ್ತು." ಆಮೇಲೆ ಅತ್ತೆ ಒಪ್ಪಿದರು. ಒಂದೇ ಷರತ್ತು, ಹಸುಗಳನ್ನು ಕಟ್ಟಿ ಹೋಗಬಾರದು. ಅದು ನನಗೂ ಸರಿ ಕಂಡಿತು. ಹಗ್ಗ ಬಿಚ್ಚಿ ಬಿಟ್ಟರೆ ದನ ತನ್ನ ಜೀವ ತಾನು ನೋಡಿಕೊಳ್ಳುತ್ತದೆ. ಕಗ್ಗಂಟು ಹಾಕದೆ ಎಳೆದರೆ ಬಿಚ್ಚುವ ಗಂಟನ್ನೇ ಹಾಕಬೇಕು ಎಂದು ಮಗಳಿಗೂ ಕಲಿಸಿದೆವು.

ಯಾವಾಗ ಹೊರಡುವುದು ಎಂದೂ ಮಾತಾಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 115.5 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ. ನಮ್ಮ ಅಂಗಳದಲ್ಲಿ ನೆಟ್ಟಗಿನ ಡಬ್ಬ ಇಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆಯುವುದು ಮಗಳ ಕೆಲಸ. ಎರಡು ಮೂರು ದಿನ ಬಿಡದೆ ಸುರಿದ ಮೇಲೆ ಮತ್ತೊಂದು ದಿನ 115 ದಾಟಿದರೆ ಆ ರಾತ್ರಿ ಈ ಮನೆಯಲ್ಲಿ ಮಲಗುವುದಿಲ್ಲ. ಇದು ನಮ್ಮ ಮನೆಯ ನಿಯಮ, ಎಲ್ಲ ಊರಿಗೂ ಹೊಂದುವ ಅಳತೆ ಅಲ್ಲ. ಗೂಟದ ಅಂತರ ಹೆಚ್ಚಾದರೆ, ಮರ ವಾಲಿದರೆ, ಧರೆಯಲ್ಲಿ ಹೊಸದಾಗಿ ಕೆಂಪು ಒರತೆ ಎದ್ದರೆ, ಬಾಗಿಲು ಸುಮ್ನೆ ಬಿಗಿಯಾದರೆ, ತುಂಬಿ ಹರಿಯುತ್ತಿದ್ದ ಹಳ್ಳ ಇದ್ದಕ್ಕಿದ್ದಂತೆ ಸೊರಗಿದರೆ ಮಳೆಯ ಅಳತೆ ನೋಡುತ್ತ ಕೂರದೆ ಆಗಲೇ ಹೊರಡುವುದು. ಹಗಲಿದ್ದಾಗಲೇ ಹೋಗಬೇಕು.

ಕಾರವಾರ ತಾಲೂಕಿನ ಮಲ್ಲಾಪುರದಲ್ಲಿರುವ ಅಕ್ಕನಿಗೆ ಸಂಜೆ ಫೋನ್ ಮಾಡಿದೆ. ಅವರ ಕಷ್ಟ ಬೇರೆ. ಅಲ್ಲಿ ಗುಡ್ಡಕ್ಕಿಂತ ಕಾಳಿ ನದಿಯ ಮೇಲೆ ಕಣ್ಣಿಡಬೇಕು. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಕೆಳಗಿನ ಊರುಗಳಿಗೆ ನೀರು ನುಗ್ಗಿದಾಗಿನಿಂದ ಅವರು ಕಾಗದಪತ್ರ, ಔಷಧ, ಒಂದು ಜೊತೆ ಬಟ್ಟೆ, ಟಾರ್ಚು, ಸ್ವಲ್ಪ ನಗದು ಎಲ್ಲ ಒಂದೇ ಚೀಲದಲ್ಲಿಟ್ಟು ಬಾಗಿಲ ಹಿಂದೆ ತೂಗಿಹಾಕಿದ್ದಾರೆ. ಪ್ಲಾಸ್ಟಿಕ್ ಕವರ್ ಎರಡು ಸುತ್ತು. ನಮ್ಮದೂ ಇವತ್ತು ತಯಾರಾಯಿತು. ಮಾವನ ಬಿಪಿ ಮಾತ್ರೆ ತಿಂಗಳಿಗಾಗುವಷ್ಟು, ಓಆರ್‌ಎಸ್ ಪೊಟ್ಟಣ, ಪಹಣಿ ಮತ್ತು ಆಧಾರ್ ನಕಲು. ಚೀಲದ ಮೇಲೆ 112 ಮತ್ತು ಜಿಲ್ಲಾ ವಿಪತ್ತು ಸಹಾಯವಾಣಿ 1077 ಎಂದು ದೊಡ್ಡದಾಗಿ ಬರೆದಿದ್ದೇನೆ. ಫೋನಿನ ಚಾರ್ಜ್ ಮುಗಿದಾಗ ನಂಬರ್ ನೆನಪಿಗೆ ಬರುವುದಿಲ್ಲ.

ಹೋಗುವುದು ಮೇಲಿನಮನೆಗೆ. ಆ ಮನೆ ದಿಬ್ಬದ ಮೇಲಿದೆ, ಹಿಂದೆ ಧರೆ ಇಲ್ಲ, ದಾರಿಯಲ್ಲಿ ಹಳ್ಳ ದಾಟಬೇಕಿಲ್ಲ. ಅವರನ್ನು ಕೇಳಿದಾಗ "ಕೇಳದು ಎಂತಕ್ಕೆ, ಬನ್ನಿ" ಎಂದರು. ನಮ್ಮ ಅಕ್ಕಿಯಲ್ಲಿ ಅರ್ಧ, ಒಂದು ಹೊರೆ ಕಟ್ಟಿಗೆ, ಹಪ್ಪಳದ ಒಂದು ಡಬ್ಬ ಈಗಲೇ ಅಲ್ಲಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಕೆಳಗಿನಮನೆಯವರೂ ಹಾಗೇ ಮಾಡುತ್ತಾರೆ. ಅಂಥ ರಾತ್ರಿ ಮೂರು ಮನೆಯ ಜನ ಒಂದೇ ಒಲೆಯಲ್ಲಿ ಅಡುಗೆ ಮಾಡಬೇಕಾಗುತ್ತದೆ.

ನಾಳೆ ಬೆಳಿಗ್ಗೆ ಕೆಲಸಕ್ಕೆ ಇಬ್ಬರು ಬರುತ್ತಾರೆ. ಮೊದಲು ಧರೆಯ ಮೇಲಿನ ಕಾಲುವೆ. ಹೊತ್ತು ಉಳಿದರೆ ಕಟ್ಟಿಗೆ. ಅತ್ತೆಗೆ ಹೇಳಿದ್ದೇನೆ, ಒಪ್ಪಿದ್ದಾರೆ.