ಒಂದು ಗುಳ್ಳೆಗಾಗಿ

ಇವತ್ತು ಬೆಳಗ್ಗೆ ಅರ್ಧ ಗಂಟೆ ಕಾರಿನ ರೇಡಿಯೇಟರ್ ಬಾಯಿ ನೋಡುತ್ತಾ ನಿಂತಿದ್ದೆ.

ಮೊನ್ನೆ ಹೋಸ್ ಬದಲಾಯಿಸಿ ಹೊಸ ಕೂಲಂಟ್ (ಇಂಜಿನ್ ತಣ್ಣಗಿಡೋ ಹಸಿರು ನೀರು) ತುಂಬಿಸಿದ್ದೇ ಬಂತು. ಟೆಂಪರೇಚರ್ ಮುಳ್ಳು ಮೇಲೆ ಹತ್ತುತ್ತದೆ, ಹೀಟರ್ ಹಾಕಿದರೆ ತಣ್ಣನೆ ಗಾಳಿ! ಮೆಕ್ಯಾನಿಕ್ ಕೇಳಿ ನಕ್ಕರು. "ಏರ್ ಲಾಕ್ ಸಾರ್. ಒಳಗೆ ಗಾಳಿ ಕೂತಿದೆ."

ಕಾರಿನ ಮೂತಿ ಮೇಲೆ ಬರೋ ಹಾಗೆ ಗೇಟಿನ ಇಳಿಜಾರಿಗೆ ಹತ್ತಿಸಿದೆವು. ಇಂಜಿನ್ ತಣ್ಣಗಿದ್ದಾಗಲೇ ಕ್ಯಾಪ್ ತೆಗೆದರು. (ಬಿಸಿ ಇದ್ದಾಗ ಮುಟ್ಟಬೇಡಿ ಮಾರಾಯ್ರೆ, ಮುಖಕ್ಕೇ ಹಾರುತ್ತೆ.) ಹೀಟರ್ ಫುಲ್ ಬಿಸಿಗೆ ತಿರುಗಿಸಿ ಇಂಜಿನ್ ಸ್ಟಾರ್ಟ್.

ಆಮೇಲೆ ಕಾಯೋದೇ ಕೆಲಸ. ಸುಮಾರು 80-90 ಡಿಗ್ರಿಗೆ ಥರ್ಮೋಸ್ಟಾಟ್, ಅಂದ್ರೆ ಕೂಲಂಟ್ ಹರಿಯೋಕೆ ಬಿಡೋ ಕವಾಟ, ತೆರೆಯಬೇಕಂತೆ. ಅಲ್ಲಿವರೆಗೆ ಹಸಿರು ನೀರು ಸುಮ್ನೆ ನಡುಗುತ್ತಿತ್ತು.

ಅವರು ಮೇಲಿನ ಹೋಸಿಗೆ ಬಟ್ಟೆ ಸುತ್ತಿ ಮೆಲ್ಲಗೆ ಹಿಸುಕಿದರು, ಬಿಟ್ಟರು, ಮತ್ತೆ ಹಿಸುಕಿದರು. ಹಾಲು ಕರೆಯೋ ಹಾಗೆ.

ಗುಳುಕ್.

ಲಿಂಬೆಹಣ್ಣಿನಷ್ಟು ದಪ್ಪದ ಗುಳ್ಳೆ ಎದ್ದು ಒಡೆಯಿತು. ಹಿಂದೆಯೇ ಸಣ್ಣವು, ಸಾಲಾಗಿ. ಕೂಲಂಟ್ ಸರ್ರನೆ ಕೆಳಗಿಳಿಯಿತು. ಹಾಕಿದಷ್ಟೂ ಕುಡಿಯಿತು, ಅರ್ಧ ಲೀಟರ್ ಮೇಲೇ! ತುಂಬಿದೆ ಅಂತ ನಾನು ಅಂದುಕೊಂಡಿದ್ದ ಅಷ್ಟು ಜಾಗದಲ್ಲಿ ಇಷ್ಟು ದಿನ ಬರೀ ಗಾಳಿ ಇತ್ತು. ಅದನ್ನು ಕೈ ಹಾಕಿ ಎಳೆಯೋಕೂ ಆಗಲ್ಲ ಅಲ್ವಾ, ದಾರಿ ಮಾಡಿಕೊಟ್ಟು ಕಾಯಬೇಕು, ಅಷ್ಟೇ.

ಹೀಟರಿನಿಂದ ಬಿಸಿಗಾಳಿ ಬಂತು. ಏಪ್ರಿಲ್ ಬಿಸಿಲಲ್ಲಿ ಅದಕ್ಕೆ ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಕೈ ತೊಳೆದು ಒಳಗೆ ಬಂದರೆ ಹೆಂಡತಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಾಳೆ. "ಶ್, ಇನ್ನೂ ತೇಗಿಲ್ಲ" ಅಂದಳು.

ನಾನೂ ಪಕ್ಕದಲ್ಲಿ ಕೂತು ಕಾದೆ.